ನಾಯಿಯ ಕಣ್ಣಿನಿಂದ ಲೋಕ ಸುತ್ತಿದ ಮೋರಿಸ್ ಫ್ರಾಂಕ್

ಮಕ್ಕಳೇ, ನಿಮ್ಮ ಮನೆಯಲ್ಲಿ ನಾಯಿ ಇದೆಯೇ? ಇದ್ದರೆ ಅದು ಏನೇನು ಕೆಲಸ ಮಾಡುತ್ತದೆ?

ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲ್ಲೂಕಿನಲ್ಲಿ ಪಂಜ ಎಂಬ ಊರಿದೆ. ಅಲ್ಲಿನ ಮಕ್ಕಳನ್ನು ಈ ಪ್ರಶ್ನೆ ಕೇಳಿದರೆ ಉತ್ತರ ಥಟ್ಟನೆ ಬರುತ್ತದೆ. ತೋಟಕ್ಕೆ ನುಗ್ಗುವ ಮಂಗಗಳನ್ನು ನಾಯಿ ಓಡಿಸುತ್ತದೆ. ರಾತ್ರಿ ಕಾಡುಹಂದಿ ಬಂದರೆ ಬೊಗಳುತ್ತದೆ. ಅಂಗಳಕ್ಕೆ ಅಪರಿಚಿತರು ಕಾಲಿಟ್ಟರೆ ಮನೆಯವರನ್ನು ಎಚ್ಚರಿಸುತ್ತದೆ. ಶಾಲೆಗೆ ಹೊರಟ ಮಕ್ಕಳ ಹಿಂದೆಯೇ ಬಂದು, ಬೈಸಿಕೊಂಡು ಮನೆಗೆ ಮರಳುವುದೂ ಉಂಟು!

ಆದರೆ ಕಣ್ಣು ಕಾಣದ ಒಬ್ಬರನ್ನು ನಾಯಿಯೊಂದು ವಾಹನಗಳಿಂದ ತುಂಬಿದ ರಸ್ತೆ ದಾಟಿಸಬಲ್ಲದೇ? ಮೆಟ್ಟಿಲು ಬಂದಾಗ ನಿಂತು ಎಚ್ಚರಿಸಬಲ್ಲದೇ? ದಾರಿಯಲ್ಲಿ ಗುಂಡಿ ಇದ್ದರೆ ಬಳಸಿಕೊಂಡು ಹೋಗಬಲ್ಲದೇ? ಹೌದು, ಸರಿಯಾದ ತರಬೇತಿ ಕೊಟ್ಟರೆ ಇದೆಲ್ಲ ಸಾಧ್ಯ. ಇಂಥ ನಾಯಿಗಳಿಗೆ ಮಾರ್ಗದರ್ಶಿ ನಾಯಿಗಳು ಎಂದು ಹೆಸರು. ಅಮೆರಿಕದಲ್ಲಿ ಇವುಗಳಿಗಾಗಿ ದೊಡ್ಡ ಶಾಲೆಯೊಂದು ಹುಟ್ಟಲು ಕಾರಣನಾದ ಯುವಕನ ಹೆಸರು ಮೋರಿಸ್ ಫ್ರಾಂಕ್. ಬನ್ನಿ, ಅವನ ಕಥೆಯನ್ನು ತಿಳಿಯೋಣ.

ಎರಡು ಅಪಘಾತಗಳು

ಮೋರಿಸ್ ಫ್ರಾಂಕ್ ಹುಟ್ಟಿದ್ದು 1908ರ ಮಾರ್ಚ್ 23ರಂದು, ಅಮೆರಿಕದ ಟೆನೆಸೀ ರಾಜ್ಯದ ನ್ಯಾಶ್‌ವಿಲ್ ನಗರದಲ್ಲಿ. ಅವನಿಗೆ ಆರು ವರ್ಷವಾಗಿದ್ದಾಗ ಒಂದು ದಿನ ಕುದುರೆ ಸವಾರಿ ಮಾಡುತ್ತಿದ್ದ. ದಾರಿಯ ಮೇಲೆ ಚಾಚಿಕೊಂಡಿದ್ದ ಮರದ ಕೊಂಬೆಯೊಂದು ಮುಖಕ್ಕೆ ಬಡಿಯಿತು. ಒಂದು ಕಣ್ಣು ಹೋಯಿತು.

ಉಳಿದ ಒಂದು ಕಣ್ಣಿನಿಂದಲೇ ಅವನು ಓದಿದ, ಆಡಿದ, ಬೆಳೆದ. ಹದಿನಾರನೆಯ ವಯಸ್ಸಿನಲ್ಲಿ ಗೆಳೆಯನೊಂದಿಗೆ ಬಾಕ್ಸಿಂಗ್ ಆಡುವಾಗ ಬಿದ್ದ ಪೆಟ್ಟಿನಿಂದ ಆ ಕಣ್ಣೂ ಹೋಯಿತು. ಅವನ ತಾಯಿಗೂ ಕಣ್ಣು ಕಾಣುತ್ತಿರಲಿಲ್ಲ. ಒಂದೇ ಮನೆಯಲ್ಲಿ ಈಗ ಇಬ್ಬರು ಅಂಧರು.

ಮೋರಿಸ್ ಓದು ಬಿಡಲಿಲ್ಲ. ಕಾಲೇಜು ಸೇರಿದ. ಜೊತೆಗೆ ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ವಿಮೆ ಮಾಡಿಸುವ ಕೆಲಸವನ್ನೂ ಹಿಡಿದ. ಆದರೆ ಒಬ್ಬನೇ ಹೋಗುವುದು ಹೇಗೆ? ಕೈಹಿಡಿದು ನಡೆಸಲು ಹಣ ಕೊಟ್ಟು ಒಬ್ಬ ಹುಡುಗನನ್ನು ಇಟ್ಟುಕೊಂಡ. ಹುಡುಗ ಬಂದ ದಿನ ಕೆಲಸ, ಬಾರದ ದಿನ ರಜೆ. ಬೇಸರವಾದರೆ ಹುಡುಗ ಅವನನ್ನು ಬಿಟ್ಟು ಹೋಗಿಬಿಡುವುದೂ ಇತ್ತು. ಕ್ಷೌರಕ್ಕೆ ಹೋಗಬೇಕೆಂದರೂ ಯಾರಾದರೂ ಬಿಡುವು ಮಾಡಿಕೊಂಡು ಕರೆದೊಯ್ಯಬೇಕು.

ನೀವೇ ಯೋಚಿಸಿ. ನಿಮಗೆ ಹತ್ತೊಂಬತ್ತು ವರ್ಷ. ಕೈಕಾಲು ಗಟ್ಟಿಯಾಗಿವೆ. ಬುದ್ಧಿ ಚುರುಕಾಗಿದೆ. ದುಡಿಯುವ ಆಸೆಯೂ ಇದೆ. ಆದರೆ ಮನೆಯ ಬಾಗಿಲಿನಿಂದ ರಸ್ತೆಯ ತುದಿಯವರೆಗೆ ಹೋಗಲೂ ಬೇರೊಬ್ಬರ ದಾರಿ ಕಾಯಬೇಕು. ಮೋರಿಸ್‌ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಈ ಕಾಯುವಿಕೆ.

ಅಪ್ಪ ಓದಿ ಹೇಳಿದ ಲೇಖನ

1927ರ ನವೆಂಬರ್ ತಿಂಗಳು. ಮೋರಿಸ್‌ನ ತಂದೆ ಒಂದು ವಾರಪತ್ರಿಕೆಯ ಲೇಖನವನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳಿದರು. ಅದನ್ನು ಬರೆದವರು ಡೊರೊಥಿ ಯೂಸ್ಟಿಸ್ ಎಂಬ ಅಮೆರಿಕನ್ ಮಹಿಳೆ. ಆಕೆ ಸ್ವಿಟ್ಜರ್ಲೆಂಡಿನಲ್ಲಿ, ಜಿನೀವಾ ಸರೋವರದ ಬಳಿಯ ಬೆಟ್ಟದ ಮೇಲೆ ಜರ್ಮನ್ ಶೆಫರ್ಡ್ ನಾಯಿಗಳನ್ನು ಸಾಕಿ, ಪೊಲೀಸ್ ಮೊದಲಾದ ಕೆಲಸಗಳಿಗೆ ತರಬೇತಿ ಕೊಡುತ್ತಿದ್ದರು.

ಲೇಖನದಲ್ಲಿ ಅವರು ವಿವರಿಸಿದ್ದು ಜರ್ಮನಿಯ ಪಾಟ್ಸ್‌ಡ್ಯಾಮ್ ನಗರದ ಒಂದು ಶಾಲೆಯ ಬಗ್ಗೆ. 1914ರಿಂದ 1918ರವರೆಗೆ ನಡೆದ ಮೊದಲನೆಯ ಮಹಾಯುದ್ಧದಲ್ಲಿ ವಿಷಾನಿಲ, ಸಿಡಿಗುಂಡುಗಳಿಂದ ಸಾವಿರಾರು ಸೈನಿಕರು ಕಣ್ಣು ಕಳೆದುಕೊಂಡಿದ್ದರು. ಅವರಿಗೆ ನೆರವಾಗಲು ಗೆರ್ಹಾರ್ಡ್ ಸ್ಟಾಲಿಂಗ್ ಎಂಬ ಜರ್ಮನ್ ವೈದ್ಯರು 1916ರಲ್ಲಿ ಓಲ್ಡನ್‌ಬರ್ಗ್ ನಗರದಲ್ಲಿ ಮಾರ್ಗದರ್ಶಿ ನಾಯಿಗಳ ಶಾಲೆಯನ್ನು ಆರಂಭಿಸಿದ್ದರು. ಇಂಥ ಶಾಲೆಗಳಲ್ಲಿ ಅದೇ ಮೊದಲನೆಯದು. ಪಾಟ್ಸ್‌ಡ್ಯಾಮಿನ ಶಾಲೆ 1923ರಲ್ಲಿ ಆರಂಭವಾಯಿತು. ಅಲ್ಲಿ ಅಂಧ ಸೈನಿಕರು ನಾಯಿಯ ಜೊತೆ ತಲೆಯೆತ್ತಿ ರಸ್ತೆಯಲ್ಲಿ ನಡೆಯುವುದನ್ನು ಯೂಸ್ಟಿಸ್ ಕಣ್ಣಾರೆ ನೋಡಿದ್ದರು.

ಲೇಖನ ಕೇಳಿ ಮೋರಿಸ್‌ನ ಮನಸ್ಸು ಕುಣಿಯಿತು. ಕೂಡಲೇ ಯೂಸ್ಟಿಸ್ ಅವರಿಗೆ ಪತ್ರ ಬರೆದ. ತನಗೆ ಅಂಥ ಒಂದು ನಾಯಿ ಬೇಕು ಎಂದು ಕೇಳಿದ. ಅಷ್ಟಕ್ಕೇ ನಿಲ್ಲಲಿಲ್ಲ. ತನಗೆ ಕಲಿಸಿಕೊಟ್ಟರೆ ತಾನು ಅಮೆರಿಕಕ್ಕೆ ಮರಳಿ, ತನ್ನಂತೆ ಕಣ್ಣಿಲ್ಲದ ಇತರರಿಗೂ ಕಲಿಸುವುದಾಗಿ ಮಾತು ಕೊಟ್ಟ. ಈ ಎರಡನೆಯ ಮಾತೇ ಅವನ ಮುಂದಿನ ಬದುಕಾಯಿತು.

ಪಾರ್ಸೆಲಿನಂತೆ ಪ್ರಯಾಣ

ಯೂಸ್ಟಿಸ್ ಒಪ್ಪಿದರು. ಆದರೆ ಅವರ ಬಳಿ ಅಂಧರಿಗಾಗಿ ತಯಾರಾದ ನಾಯಿ ಒಂದೂ ಇರಲಿಲ್ಲ! ಅವರ ಮುಖ್ಯ ತರಬೇತುದಾರ ಜ್ಯಾಕ್ ಹಂಫ್ರಿ ಜರ್ಮನಿಗೆ ಹೋಗಿ ವಿಧಾನವನ್ನು ಕಲಿತು ಬಂದರು. ನಾಯಿಗಳನ್ನು ಸಿದ್ಧಪಡಿಸಿದರು.

1928ರ ಏಪ್ರಿಲ್‌ನಲ್ಲಿ ಮೋರಿಸ್ ಹಡಗು ಹತ್ತಿದ. ಕಣ್ಣು ಕಾಣದ ಯುವಕ ಒಬ್ಬನೇ ಹೊರಟಿದ್ದಾನೆ ಎಂದು ಸಾಗಣೆ ಕಂಪನಿಯವರು ಅವನನ್ನು ಒಂದು ಪಾರ್ಸೆಲಿನಂತೆಯೇ ಕಳುಹಿಸಿದರು. ಯಾರೋ ಬಂದು ಕೋಣೆಯಿಂದ ಹೊರಗೆ ಕರೆದೊಯ್ಯುವುದು, ಮತ್ತೆ ತಂದು ಕೋಣೆಗೆ ಸೇರಿಸುವುದು. ತನಗಿಷ್ಟ ಬಂದಾಗ ಹಡಗಿನ ಮೇಲೆ ಓಡಾಡುವಂತೆಯೂ ಇಲ್ಲ. ತನಗೆ ಆ ನಾಯಿ ಎಷ್ಟು ಅಗತ್ಯ ಎಂಬುದು ಈ ಪ್ರಯಾಣದಲ್ಲಿ ಅವನಿಗೆ ಇನ್ನಷ್ಟು ಮನದಟ್ಟಾಯಿತು.

ಸ್ವಿಟ್ಜರ್ಲೆಂಡಿನಲ್ಲಿ ಅವನಿಗೆ ಸಿಕ್ಕಿದ್ದು ಜರ್ಮನ್ ಶೆಫರ್ಡ್ ಜಾತಿಯ ಹೆಣ್ಣು ನಾಯಿ. ಅದರ ಹೆಸರು ಕಿಸ್. ಅಂದರೆ ಮುತ್ತು! ನಡುಬೀದಿಯಲ್ಲಿ ಆ ಹೆಸರು ಹಿಡಿದು ಕೂಗಲು ಮೋರಿಸ್‌ಗೆ ನಾಚಿಕೆಯಾಯಿತು. ಅವನು ಅದಕ್ಕೆ ಬಡ್ಡಿ ಎಂದು ಹೊಸ ಹೆಸರಿಟ್ಟ. ನಮ್ಮಲ್ಲಿ ಬಡ್ಡಿ ಎಂದರೆ ಸಾಲಕ್ಕೆ ಕಟ್ಟುವ ಹಣ. ಆದರೆ ಇಂಗ್ಲಿಷಿನಲ್ಲಿ ಈ ಪದಕ್ಕೆ ಗೆಳೆಯ ಎಂಬ ಅರ್ಥವಿದೆ.

ಯಾರು ಯಾರನ್ನು ನಡೆಸುವುದು?

ಮೊದಲ ದಿನಗಳು ಸುಲಭವಾಗಿರಲಿಲ್ಲ. ನಾಯಿಯ ಮೈಗೆ ಚರ್ಮದ ಪಟ್ಟಿಗಳಿಂದ ಮಾಡಿದ ಒಂದು ಸರಂಜಾಮನ್ನು ತೊಡಿಸುತ್ತಾರೆ. ಅದಕ್ಕೆ ಬಾಗದ ಗಟ್ಟಿ ಹಿಡಿಕೆ ಇರುತ್ತದೆ. ಅಂಧ ವ್ಯಕ್ತಿ ಅದನ್ನು ಎಡಗೈಯಲ್ಲಿ ಹಿಡಿಯುತ್ತಾನೆ. ನಾಯಿ ಬಲಕ್ಕೆ ಸರಿದರೆ ಹಿಡಿಕೆಯೂ ಬಲಕ್ಕೆ ಸರಿಯುತ್ತದೆ. ನಾಯಿ ನಿಂತರೆ ಹಿಡಿಕೆಯೂ ನಿಲ್ಲುತ್ತದೆ. ಹಗ್ಗ ಕಟ್ಟಿದರೆ ಈ ಚಲನೆ ಕೈಗೆ ಸರಿಯಾಗಿ ತಿಳಿಯುವುದಿಲ್ಲ. ಅದಕ್ಕಾಗಿಯೇ ಗಟ್ಟಿ ಹಿಡಿಕೆ.

ಮೋರಿಸ್ ಈ ಚಲನೆಯನ್ನು ಕೈಯಿಂದ ಓದಲು ಕಲಿಯಬೇಕಿತ್ತು. ನಾಯಿ ಹೇಳಿದ್ದನ್ನು ಕೇಳದೆ ತಾನೇ ಮುನ್ನುಗ್ಗಿದರೆ ಎಲ್ಲಾದರೂ ಢಿಕ್ಕಿ ಹೊಡೆಯುವುದು ಖಂಡಿತ. ಹೀಗೆ ಎಡವುತ್ತ, ತಿದ್ದಿಕೊಳ್ಳುತ್ತ ಕೆಲವು ವಾರಗಳು ಕಳೆದವು. ಒಂದು ದಿನ ದಾರಿಯಲ್ಲಿ ಗಾಡಿಯ ಕುದುರೆಗಳು ಬೆದರಿ ಓಡಿಬಂದವು. ಬಡ್ಡಿ ಮೋರಿಸ್‌ನನ್ನು ರಸ್ತೆಯ ಬದಿಯ ದಿಬ್ಬದ ಮೇಲಕ್ಕೆ ಎಳೆದೊಯ್ದು ಉಳಿಸಿತು. ಆ ದಿನದಿಂದ ಅವನಿಗೆ ನಾಯಿಯ ಮೇಲೆ ಪೂರ್ಣ ನಂಬಿಕೆ ಬಂತು.

ಇನ್ನೊಂದು ದಿನ ಅವನು ಬಡ್ಡಿಯೊಡನೆ ಊರಿನ ಕ್ಷೌರದಂಗಡಿಗೆ ಹೋಗಿ ಕೂದಲು ಕತ್ತರಿಸಿಕೊಂಡು ಬಂದ. ಯಾರೂ ಕೈ ಹಿಡಿದಿರಲಿಲ್ಲ. ಯಾರನ್ನೂ ಕಾದಿರಲಿಲ್ಲ. ನಮಗೆ ಇದು ಬಹಳ ಸಣ್ಣ ಸಂಗತಿ. ಕಣ್ಣು ಹೋದ ಮೇಲೆ ಮೋರಿಸ್ ಅನುಭವಿಸಿದ ಅತಿ ದೊಡ್ಡ ಸಂತೋಷಗಳಲ್ಲಿ ಅದೂ ಒಂದು.

ನ್ಯೂಯಾರ್ಕಿನ ಪರೀಕ್ಷೆ

1928ರ ಜೂನ್‌ನಲ್ಲಿ ಇಬ್ಬರೂ ನ್ಯೂಯಾರ್ಕ್ ನಗರದಲ್ಲಿ ಇಳಿದರು. ಪತ್ರಿಕೆಗಳ ವರದಿಗಾರರು ಸುತ್ತುವರಿದರು. ನಾಯಿ ದಾರಿ ತೋರಿಸುತ್ತದೆ ಎಂಬುದನ್ನು ನಂಬಲು ಅವರು ಸಿದ್ಧರಿರಲಿಲ್ಲ. ಬಂದರಿನ ಬಳಿಯ ವೆಸ್ಟ್ ಸ್ಟ್ರೀಟ್ ಎಂಬ ಅಗಲವಾದ ರಸ್ತೆಯನ್ನು ದಾಟಿ ತೋರಿಸುವಂತೆ ಸವಾಲು ಹಾಕಿದರು. ಅದು ಕಣ್ಣಿದ್ದವರೇ ಹೆದರುವ ರಸ್ತೆ. ಲಾರಿಗಳು, ಕಾರುಗಳು ಎಡೆಬಿಡದೆ ಓಡುತ್ತಿದ್ದವು.

ಮೋರಿಸ್ ಬಡ್ಡಿಗೆ ಮುಂದೆ ನಡೆಯಲು ಹೇಳಿದ. ಸುತ್ತಲಿನ ಗದ್ದಲದಲ್ಲಿ ಅವನಿಗೆ ದಿಕ್ಕೇ ತಿಳಿಯಲಿಲ್ಲ. ಬಡ್ಡಿ ನಡೆಯಿತು, ನಿಂತಿತು, ಹಿಂದೆ ಸರಿಯಿತು, ಮತ್ತೆ ನಡೆಯಿತು. ಅವನು ಮಾಡಿದ್ದು ಒಂದೇ ಕೆಲಸ. ಹಿಡಿಕೆಯನ್ನು ಬಿಡದೆ ಅದರ ಜೊತೆ ಹೆಜ್ಜೆ ಹಾಕಿದ. ಕೆಲವು ನಿಮಿಷಗಳ ನಂತರ ಇಬ್ಬರೂ ಆಚೆ ಬದಿಯಲ್ಲಿ ಸುರಕ್ಷಿತವಾಗಿ ನಿಂತಿದ್ದರು! ಯಶಸ್ಸು ದೊರೆಯಿತು ಎಂಬ ಸುದ್ದಿಯನ್ನು ಮೋರಿಸ್ ಒಂದೇ ಪದದ ತಂತಿಯಲ್ಲಿ ಯೂಸ್ಟಿಸ್ ಅವರಿಗೆ ತಿಳಿಸಿದ.

ಕೊಟ್ಟ ಮಾತು

ಮೋರಿಸ್‌ಗೆ ಬೇಕಾದ ನಾಯಿ ಸಿಕ್ಕಿತ್ತು. ಇನ್ನು ಸುಮ್ಮನೆ ತನ್ನ ಕೆಲಸ ನೋಡಿಕೊಂಡು ಇರಬಹುದಿತ್ತು. ಆದರೆ ಅವನು ಮಾತು ಕೊಟ್ಟಿದ್ದನಲ್ಲ! 1929ರ ಜನವರಿ 29ರಂದು ಮೋರಿಸ್ ಮತ್ತು ಯೂಸ್ಟಿಸ್ ಸೇರಿ ನ್ಯಾಶ್‌ವಿಲ್‌ನಲ್ಲಿ ದಿ ಸೀಯಿಂಗ್ ಐ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಈ ಹೆಸರಿನ ಅರ್ಥ ನೋಡುವ ಕಣ್ಣು. ಮೊದಲ ತರಗತಿಯಲ್ಲಿ ಇದ್ದವರು ಇಬ್ಬರೇ ವಿದ್ಯಾರ್ಥಿಗಳು. ನ್ಯಾಶ್‌ವಿಲ್‌ನ ಸೆಕೆ ನಾಯಿಗಳಿಗೆ ಒಗ್ಗಲಿಲ್ಲ. ಹಾಗಾಗಿ 1930ರ ದಶಕದ ಆರಂಭದಲ್ಲಿ ಶಾಲೆಯನ್ನು ತಂಪಾದ ನ್ಯೂಜೆರ್ಸಿ ರಾಜ್ಯಕ್ಕೆ ಸ್ಥಳಾಂತರಿಸಲಾಯಿತು.

ಆದರೆ ನಾಯಿ ಕಲಿತರೆ ಸಾಕೇ? ಜನರೂ ಕಲಿಯಬೇಕಲ್ಲವೇ? ಹೋಟೆಲಿನವರು ನಾಯಿಯನ್ನು ಒಳಗೆ ಬಿಡುತ್ತಿರಲಿಲ್ಲ. ಬಸ್ಸಿನವರು ಹತ್ತಿಸಿಕೊಳ್ಳುತ್ತಿರಲಿಲ್ಲ. ರೈಲಿನಲ್ಲಿ ನಾಯಿಯನ್ನು ಸಾಮಾನು ಡಬ್ಬಿಗೆ ಹಾಕಬೇಕೆಂದು ಹೇಳುತ್ತಿದ್ದರು. ಕಣ್ಣನ್ನು ಸಾಮಾನು ಡಬ್ಬಿಯಲ್ಲಿ ಇಟ್ಟು ಮನುಷ್ಯ ಬೇರೆ ಡಬ್ಬಿಯಲ್ಲಿ ಕೂರುವುದು ಹೇಗೆ?

ಮೋರಿಸ್ ಜಗಳವಾಡಲಿಲ್ಲ, ಸುಮ್ಮನೆ ಹಿಂದಿರುಗಲೂ ಇಲ್ಲ. ಬಡ್ಡಿಯನ್ನು ಕರೆದುಕೊಂಡು ಊರೂರು ತಿರುಗಿದ. ಸಭೆಗಳಲ್ಲಿ ಮಾತನಾಡಿದ. ಅಧಿಕಾರಿಗಳನ್ನು, ಹೋಟೆಲ್ ಮಾಲೀಕರನ್ನು, ರೈಲ್ವೆಯವರನ್ನು ಕಂಡು ವಿವರಿಸಿದ. ಬಡ್ಡಿ ಅವನ ಕಾಲ ಬುಡದಲ್ಲಿ ಸದ್ದಿಲ್ಲದೆ ಮಲಗಿರುತ್ತಿತ್ತು. ಅದನ್ನು ನೋಡಿದ ಮೇಲೆ ವಿರೋಧಿಸುತ್ತಿದ್ದವರ ಮನಸ್ಸು ಬದಲಾಗುತ್ತಿತ್ತು. 1935ರ ಹೊತ್ತಿಗೆ ಅಮೆರಿಕದ ರೈಲುಗಳು ಮಾರ್ಗದರ್ಶಿ ನಾಯಿಗೆ ತನ್ನ ಒಡೆಯನ ಜೊತೆಯಲ್ಲೇ ಪ್ರಯಾಣಿಸಲು ಅವಕಾಶ ಕೊಟ್ಟವು. 1956ರ ಹೊತ್ತಿಗೆ ಆ ದೇಶದ ಎಲ್ಲ ರಾಜ್ಯಗಳಲ್ಲೂ ಸಾರ್ವಜನಿಕ ಸ್ಥಳಗಳಿಗೆ ಮಾರ್ಗದರ್ಶಿ ನಾಯಿಯೊಂದಿಗೆ ಹೋಗುವ ಹಕ್ಕನ್ನು ಕೊಡುವ ಕಾನೂನುಗಳು ಬಂದಿದ್ದವು.

1938ರ ಮೇ 23ರಂದು ಬಡ್ಡಿ ಸತ್ತಿತು. ಹತ್ತು ವರ್ಷ ಅದು ಮೋರಿಸ್‌ನ ಕಣ್ಣಾಗಿತ್ತು. ಆ ಮೇಲೆ ತನ್ನ ಬಳಿಗೆ ಬಂದ ನಾಯಿಗಳಿಗೂ ಅವನು ಬಡ್ಡಿ ಎಂದೇ ಹೆಸರಿಟ್ಟ. 1956ರಲ್ಲಿ ಸಂಸ್ಥೆಯ ಕೆಲಸದಿಂದ ಬಿಡುವು ಪಡೆದು ಮತ್ತೆ ವಿಮೆಯ ವೃತ್ತಿಗೆ ಮರಳಿದ. 1980ರ ನವೆಂಬರ್ 22ರಂದು ತೀರಿಕೊಂಡ. ಸಂಸ್ಥೆಯ ಈಗಿನ ನೆಲೆಯಾದ ಮಾರಿಸ್‌ಟೌನ್ ಎಂಬ ಊರಿನಲ್ಲಿ 2005ರಲ್ಲಿ ಮೋರಿಸ್ ಮತ್ತು ಬಡ್ಡಿಯ ಕಂಚಿನ ಪ್ರತಿಮೆಯನ್ನು ನಿಲ್ಲಿಸಲಾಗಿದೆ. ಇಬ್ಬರೂ ಜೊತೆಯಾಗಿ ಹೆಜ್ಜೆ ಹಾಕುತ್ತಿರುವ ಪ್ರತಿಮೆ ಅದು. ಇಬ್ಬರು ವಿದ್ಯಾರ್ಥಿಗಳಿಂದ ಶುರುವಾದ ಆ ಶಾಲೆ ಇದುವರೆಗೆ 17,000ಕ್ಕೂ ಹೆಚ್ಚು ಬಾರಿ ಅಂಧರನ್ನೂ ನಾಯಿಗಳನ್ನೂ ಜೊತೆಗೂಡಿಸಿದೆ.

ನಾಯಿ ಕಲಿಯುವುದು ಹೇಗೆ?

ಈಗ ನಿಮ್ಮಲ್ಲಿ ಒಂದು ಪ್ರಶ್ನೆ ಎದ್ದಿರಬಹುದು. ಮಾತು ಬಾರದ ಪ್ರಾಣಿಗೆ ಇಷ್ಟೆಲ್ಲ ಕಲಿಸುವುದು ಹೇಗೆ?

ಒಂದು ಕೆಲಸ ಮಾಡಿದಾಗ ಒಳ್ಳೆಯದಾದರೆ ಪ್ರಾಣಿ ಅದನ್ನು ಮತ್ತೆ ಮಾಡುತ್ತದೆ. ನೀವು ತಟ್ಟೆಯ ಸದ್ದು ಮಾಡಿದ ಕೂಡಲೇ ನಾಯಿ ಓಡಿಬರುವುದನ್ನು ನೋಡಿದ್ದೀರಲ್ಲವೇ? ತಟ್ಟೆಯ ಸದ್ದು ಮತ್ತು ಅನ್ನ ಎರಡೂ ಅದರ ನೆನಪಿನಲ್ಲಿ ಸೇರಿಕೊಂಡಿವೆ. ಇಂಥ ಕಲಿಕೆಯನ್ನು ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೋವ್ ನಾಯಿಗಳ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದರು. ತರಬೇತುದಾರರು ಇದನ್ನೇ ಬಳಸುತ್ತಾರೆ. ನಾಯಿ ಮೆಟ್ಟಿಲಿನ ಬಳಿ ನಿಂತರೆ ಮೆಚ್ಚುಗೆಯ ಮಾತು, ಬೆನ್ನು ತಟ್ಟುವುದು, ಒಂದು ತುಣುಕು ತಿಂಡಿ. ನೂರಾರು ಸಲ ಹೀಗೆ ಮಾಡಿದಾಗ ನಿಲ್ಲುವುದು ಅದಕ್ಕೆ ಅಭ್ಯಾಸವಾಗುತ್ತದೆ.

ಮರಿ ಏಳೆಂಟು ವಾರದ್ದಾದಾಗ ಅದನ್ನು ಒಂದು ಮನೆಗೆ ಕೊಡುತ್ತಾರೆ. ಅಲ್ಲಿ ಅದು ಜನ, ವಾಹನ, ಮಕ್ಕಳ ಗಲಾಟೆ, ಮಳೆ, ಗುಡುಗು ಎಲ್ಲಕ್ಕೂ ಹೊಂದಿಕೊಳ್ಳುತ್ತ ಒಂದು ವರ್ಷಕ್ಕೂ ಹೆಚ್ಚು ಕಾಲ ಬೆಳೆಯುತ್ತದೆ. ಅನಂತರ ಶಾಲೆಗೆ ಮರಳಿ ಕೆಲವು ತಿಂಗಳು ತರಬೇತಿ ಪಡೆಯುತ್ತದೆ. ಕೊನೆಯಲ್ಲಿ ಅಂಧ ವ್ಯಕ್ತಿಯ ಎತ್ತರ, ನಡಿಗೆಯ ವೇಗ, ಸ್ವಭಾವ ನೋಡಿ ಹೊಂದುವ ನಾಯಿಯನ್ನು ಆರಿಸುತ್ತಾರೆ. ಇಬ್ಬರೂ ಕೆಲವು ವಾರ ಒಟ್ಟಿಗೆ ಕಲಿಯುತ್ತಾರೆ. ಈ ಕೆಲಸಕ್ಕೆ ಎಲ್ಲ ನಾಯಿಗಳೂ ಹೊಂದುವುದಿಲ್ಲ. ಹೆಚ್ಚಾಗಿ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಮತ್ತು ಜರ್ಮನ್ ಶೆಫರ್ಡ್ ಜಾತಿಯವನ್ನು ಬಳಸುತ್ತಾರೆ.

ದೀಪದ ಬಣ್ಣ ನೋಡಿ ನಾಯಿ ರಸ್ತೆ ದಾಟಿಸುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ನಾಯಿಗೆ ಕೆಂಪು ಮತ್ತು ಹಸಿರು ಬಣ್ಣಗಳ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಎಲ್ಲಿಗೆ ಹೋಗಬೇಕು, ಯಾವಾಗ ದಾಟಬೇಕು ಎಂಬುದನ್ನು ತೀರ್ಮಾನಿಸುವವರು ಮನುಷ್ಯರೇ. ಅವರು ವಾಹನಗಳ ಸದ್ದು ಕೇಳಿ ನಾಯಿಗೆ ಆಜ್ಞೆ ಕೊಡುತ್ತಾರೆ. ಅಪಾಯವಿದೆಯೇ ಎಂದು ನೋಡುವುದು ನಾಯಿಯ ಕೆಲಸ.

ಆಜ್ಞೆ ಮೀರುವ ಜಾಣತನ

ಮಾರ್ಗದರ್ಶಿ ನಾಯಿ ಕಲಿಯುವ ಪಾಠಗಳಲ್ಲಿ ಅತಿ ಕಷ್ಟದ್ದು ಯಾವುದು ಗೊತ್ತೇ? ಒಡೆಯನ ಮಾತನ್ನು ಕೇಳದಿರುವುದು! ಆಶ್ಚರ್ಯವಾಯಿತೇ?

ಪಂಜದ ಕಡೆಯ ಒಂದು ಉದಾಹರಣೆ ಊಹಿಸಿಕೊಳ್ಳಿ. ಮಳೆಗಾಲ. ತೋಡು ತುಂಬಿ ಹರಿಯುತ್ತಿದೆ. ದಾಟಲು ಅಡಿಕೆ ಮರದ ಕಾಲುಸಂಕವಿದೆ. ರಾತ್ರಿಯ ಮಳೆಗೆ ಸಂಕದ ಒಂದು ಮರ ಕೊಚ್ಚಿಹೋಗಿದೆ. ಕಣ್ಣು ಕಾಣದ ಒಡೆಯನಿಗೆ ಅದು ತಿಳಿಯದು. ಮುಂದೆ ನಡೆ ಎಂದು ನಾಯಿಗೆ ಆಜ್ಞೆ ಕೊಡುತ್ತಾನೆ. ನಾಯಿ ಆಜ್ಞೆ ಪಾಲಿಸಿದರೆ ಇಬ್ಬರೂ ನೀರಿಗೆ. ತರಬೇತಿ ಪಡೆದ ನಾಯಿ ಅಲ್ಲಿ ಕದಲದೆ ನಿಲ್ಲುತ್ತದೆ. ಮತ್ತೆ ಹೇಳಿದರೂ ನಡೆಯುವುದಿಲ್ಲ. ರಸ್ತೆಯಲ್ಲಿ ವಾಹನ ನುಗ್ಗಿ ಬಂದಾಗಲೂ ಹೀಗೆಯೇ. ತಜ್ಞರು ಇದನ್ನು ಜಾಣ ಅವಿಧೇಯತೆ ಎನ್ನುತ್ತಾರೆ.

ಇನ್ನೊಂದು ಪಾಠವೂ ಇದೆ. ನಾಯಿಯ ಎತ್ತರ ನಮ್ಮ ಸೊಂಟಕ್ಕಿಂತ ಕೆಳಗೆ. ರಸ್ತೆಗೆ ಬಾಗಿದ ಕೊಂಬೆಯ ಅಡಿಯಲ್ಲಿ ಅದು ಆರಾಮವಾಗಿ ಹೋಗಬಲ್ಲದು. ಆದರೆ ಜೊತೆಯಲ್ಲಿರುವ ಮನುಷ್ಯನ ಮುಖಕ್ಕೆ ಕೊಂಬೆ ಬಡಿಯುತ್ತದೆ. ಆದ್ದರಿಂದ ತನ್ನ ಎತ್ತರವನ್ನಲ್ಲ, ಒಡೆಯನ ಎತ್ತರವನ್ನು ಗಮನಿಸಿ ನಡೆಯಲು ಅದಕ್ಕೆ ಕಲಿಸುತ್ತಾರೆ. ಮೋರಿಸ್‌ನ ಮೊದಲ ಕಣ್ಣು ಹೋದದ್ದು ಇಂಥ ಒಂದು ಕೊಂಬೆಯಿಂದಲೇ ಎಂಬುದು ನಿಮಗೆ ನೆನಪಿದೆಯಲ್ಲವೇ?

ಇಂದು ನಾಯಿಗಳು ಅಂಧರಿಗಷ್ಟೇ ನೆರವಾಗುತ್ತಿಲ್ಲ. ಕಿವಿ ಕೇಳದವರಿಗೆ ಬಾಗಿಲ ಕರೆಗಂಟೆ ಬಾರಿಸಿದ್ದನ್ನು ತಿಳಿಸುವ ನಾಯಿಗಳಿವೆ. ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಕೆಳಗೆ ಬಿದ್ದ ವಸ್ತು ಎತ್ತಿಕೊಡುವ, ಬಾಗಿಲು ತೆರೆಯುವ ನಾಯಿಗಳೂ ಇವೆ.

ನಮ್ಮಲ್ಲಿ ಹೇಗೆ?

ನಮ್ಮ ದೇಶದಲ್ಲಿ ಮಾರ್ಗದರ್ಶಿ ನಾಯಿಗಳು ಬಹಳ ವಿರಳ. ತರಬೇತಿಗೆ ಹೆಚ್ಚು ಸಮಯ ಮತ್ತು ಹಣ ಬೇಕು. ಕಾಲುದಾರಿಗಳು ಸಮವಾಗಿಲ್ಲ. ಬೀದಿನಾಯಿಗಳ ಕಾಟವೂ ಇದೆ. ನಮ್ಮಲ್ಲಿ ಅಂಧರ ಮುಖ್ಯ ಸಂಗಾತಿ ಬಿಳಿ ಕೋಲು. ದೆಹಲಿಯ ಐಐಟಿಯವರು ಸ್ಮಾರ್ಟ್‌ಕೇನ್ ಎಂಬ ಸಾಧನವನ್ನು ರೂಪಿಸಿದ್ದು, ಅದು 2014ರಲ್ಲಿ ಬಳಕೆಗೆ ಬಂದಿತು. ಬಾವಲಿಯಂತೆ ಅದು ಶಬ್ದಾತೀತ ತರಂಗಗಳನ್ನು ಕಳುಹಿಸಿ, ಎದುರಿನ ಅಡ್ಡಿಯನ್ನು ಗುರುತಿಸಿ, ಹಿಡಿಕೆಯ ಕಂಪನದ ಮೂಲಕ ತಿಳಿಸುತ್ತದೆ. ಮೊಣಕಾಲಿನ ಮೇಲಿರುವ ಅಡ್ಡಿ, ಅಂದರೆ ಬಾಗಿದ ಕೊಂಬೆಯಂಥದ್ದನ್ನೂ ಅದು ಪತ್ತೆ ಮಾಡುತ್ತದೆ.

ನಮ್ಮ ರಾಜ್ಯದ ಗದಗದಲ್ಲಿ ಪಂಚಾಕ್ಷರಿ ಗವಾಯಿಗಳು ಕಟ್ಟಿದ ವೀರೇಶ್ವರ ಪುಣ್ಯಾಶ್ರಮದ ಹೆಸರನ್ನು ನೀವು ಕೇಳಿರಬಹುದು. 1892ರಲ್ಲಿ ಹುಟ್ಟಿ 1944ರಲ್ಲಿ ತೀರಿಕೊಂಡ ಗವಾಯಿಗಳೂ ಅಂಧರೇ. ತಾವು ಕಲಿತ ಸಂಗೀತವನ್ನು ಅವರು ನೂರಾರು ಅಂಧ ಮಕ್ಕಳಿಗೆ ಧಾರೆಯೆರೆದರು. ಮೋರಿಸ್ ಮತ್ತು ಗವಾಯಿಗಳು ಪರಸ್ಪರ ಕಂಡವರಲ್ಲ, ಕೇಳಿದವರಲ್ಲ. ಆದರೂ ಇಬ್ಬರೂ ನಡೆದ ದಾರಿ ಒಂದೇ. ತನಗೆ ಸಿಕ್ಕಿದ ಬೆಳಕನ್ನು ತನ್ನಲ್ಲೇ ಇಟ್ಟುಕೊಳ್ಳದೆ ಹಂಚುವ ದಾರಿ ಅದು.

ಮಕ್ಕಳೇ, ಕಣ್ಣು ಕಾಣದವರಿಗೆ ಬೇಕಾದದ್ದು ನಮ್ಮ ಅಯ್ಯೋ ಪಾಪವಲ್ಲ. ತಮ್ಮ ಕೆಲಸಕ್ಕೆ ತಾವೇ ಹೋಗಿಬರಲು ಒಂದು ದಾರಿ. ನಾವು ಕಾಲುದಾರಿಯಲ್ಲಿ ಸೈಕಲ್ ಅಡ್ಡ ನಿಲ್ಲಿಸದಿದ್ದರೆ, ಬಾಳೆಹಣ್ಣಿನ ಸಿಪ್ಪೆ ಎಸೆಯದಿದ್ದರೆ, ದಾರಿಗೆ ಬಾಗಿದ ಕೊಂಬೆಯನ್ನು ಹಿರಿಯರಿಗೆ ಹೇಳಿ ಕಡಿಸಿದರೆ ಆ ದಾರಿ ಅಷ್ಟು ಸುಗಮವಾಗುತ್ತದೆ. ನಾಳೆ ಶಾಲೆಗೆ ಹೋಗುವಾಗ ನಿಮ್ಮ ದಾರಿಯನ್ನು ಒಮ್ಮೆ ಗಮನಿಸಿ ನೋಡುತ್ತೀರಾ?

ಮಾಡಿ ನೋಡಿ

ಶಿಕ್ಷಕರ ಎದುರಿನಲ್ಲೇ ಇದನ್ನು ಮಾಡಿ. ಇಬ್ಬಿಬ್ಬರ ಜೋಡಿಯಾಗಿ. ಒಬ್ಬರು ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳಲಿ. ಇನ್ನೊಬ್ಬರು ಅವರನ್ನು ಹಿಂದಿನಿಂದ ತಳ್ಳಬಾರದು, ಕೈ ಹಿಡಿದು ಎಳೆಯಲೂ ಬಾರದು. ಕಣ್ಣು ಕಟ್ಟಿಕೊಂಡವರು ಜೊತೆಗಾರರ ಮೊಣಕೈಯ ಮೇಲ್ಭಾಗವನ್ನು ಹಗುರವಾಗಿ ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯಲಿ. ಮೆಟ್ಟಿಲು ಬಂದಾಗ ಜೊತೆಗಾರರು ನಿಂತು, ಹತ್ತಬೇಕೋ ಇಳಿಯಬೇಕೋ ಎಂದು ತಿಳಿಸಲಿ. ಶಾಲೆಯ ಅಂಗಳವನ್ನು ಒಂದು ಸುತ್ತು ಹಾಕಿ, ಬಳಿಕ ಪಾತ್ರ ಬದಲಿಸಿಕೊಳ್ಳಿ. ಯಾವ ಯಾವ ಸದ್ದು, ವಾಸನೆ, ನೆಲದ ಏರುತಗ್ಗು ನಿಮಗೆ ದಾರಿ ತಿಳಿಸಿದವು? ಪಟ್ಟಿ ಮಾಡಿ. ಅಂಧರಿಗೆ ರಸ್ತೆ ದಾಟಲು ನೆರವಾಗುವ ಸರಿಯಾದ ಕ್ರಮವೂ ಇದೇ. ಆದರೆ ಮೊದಲು ನೆರವು ಬೇಕೇ ಎಂದು ಅವರನ್ನು ಕೇಳಲು ಮರೆಯಬೇಡಿ.

ನಿಮಗಿದು ಗೊತ್ತೇ?

ಕೆಲಸದಲ್ಲಿರುವ ಮಾರ್ಗದರ್ಶಿ ನಾಯಿಯನ್ನು ಮುದ್ದಿಸಬಾರದು, ಕರೆಯಬಾರದು, ತಿಂಡಿ ಕೊಡಬಾರದು. ಅದರ ಗಮನ ತಪ್ಪಿದರೆ ಒಡೆಯರಿಗೆ ಅಪಾಯ. ಮೈಮೇಲಿನ ಸರಂಜಾಮು ಬಿಚ್ಚಿದ ಮೇಲೆ ಅದೂ ಎಲ್ಲ ನಾಯಿಗಳಂತೆ ಆಡುತ್ತದೆ, ಓಡುತ್ತದೆ, ಬಾಲ ಅಲ್ಲಾಡಿಸುತ್ತದೆ!

ಪ್ರತಿ ವರ್ಷ ಅಕ್ಟೋಬರ್ 15ನ್ನು ಬಿಳಿ ಕೋಲಿನ ದಿನವನ್ನಾಗಿ ಆಚರಿಸುತ್ತಾರೆ. ಏಪ್ರಿಲ್ ತಿಂಗಳ ಕೊನೆಯ ಬುಧವಾರ ಅಂತರರಾಷ್ಟ್ರೀಯ ಮಾರ್ಗದರ್ಶಿ ನಾಯಿಗಳ ದಿನ.